'ಬೆಗ್ ದಿ ಕ್ವೆಶ್ಚನ್' ಎಂಬ ಆಂಗ್ಲ ನುಡಿಗಟ್ಟಿನ ಅರ್ಥವಿಚಾರ

ಆಂಗ್ಲಭಾಷೆಯಲ್ಲಿ 'ಬೆಗ್ ದಿ ಕ್ವೆಶ್ಚನ್' ಎಂಬ ನುಡಿಗಟ್ಟು ಇಂದು ಮೂರು ಅರ್ಥಗಳಲ್ಲಿ ಪ್ರಯುಕ್ತವಾಗುತ್ತಿರುವುದು. ಸಾಧಿಸಬೇಕಾದುದನ್ನೇ ಸಿದ್ಧವೆಂದಿಟ್ಟುಕೊಂಡು ವಾದಿಸುವುದು ಮೊದಲನೆಯದು. ಕೇಳಿದ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಎರಡನೆಯದು. ಹೊಸದೊಂದು ಪ್ರಶ್ನೆಗೆ ಎಡೆಗೊಡುವುದು ಮೂರನೆಯದು. ಮೊದಲನೆಯದು ಮೂಲಾರ್ಥ, ಕಡೆಯದು ಈಗ ಪ್ರಚುರವಾದ ಅರ್ಥ. ಇದನ್ನು ಕನ್ನಡಕ್ಕೆ ತರುವ ಬಗೆ ಯಾವುದೆಂಬುದು ಇಲ್ಲಿ ವಿಚಾರ್ಯವು.

ಇದರ ಮೂಲವು ಅರಿಸ್ಟಾಟಲನ ತರ್ಕಗ್ರಂಥಗಳಲ್ಲಿದೆ. ಗ್ರೀಕರ ವಾದಗೋಷ್ಠಿಯಲ್ಲಿ ಪ್ರಶ್ನಿಸುವವನು ಎದುರಾಳಿಯಿಂದ ಒಂದೊಂದೇ ಅಂಶವನ್ನು ಒಪ್ಪಿಸಿಕೊಂಡು, ಅವುಗಳಿಂದ ತನ್ನ ಸಾಧ್ಯವನ್ನು ಸ್ಥಾಪಿಸಬೇಕಾಗಿತ್ತು. ಹಾಗಲ್ಲದೆ, ಆರಂಭದಲ್ಲಿ ವಿವಾದಕ್ಕಿಟ್ಟ ಅಂಶವನ್ನೇ ಒಪ್ಪಿಕೊಡೆಂದು ಕೇಳುವುದು ದೋಷವೆನಿಸಿತು. ಲ್ಯಾಟಿನಿನಲ್ಲಿ ಇದಕ್ಕೆ 'ಪೆಟಿಷಿಯೋ ಪ್ರಿನ್ಸಿಪಿಯೈ' ಎಂದು ಹೆಸರಾಯಿತು. 16ನೆಯ ಶತಮಾನದಲ್ಲಿ ಆಂಗ್ಲರು ತಮ್ಮ ನುಡಿಗೆ ತಿರುಗಿಸಿಕೊಂಡರು. ಆದುದರಿಂದ ಇಲ್ಲಿ 'ಕ್ವೆಶ್ಚನ್' ಎಂದರೆ ಪ್ರಶ್ನೆಯಲ್ಲ, ವಿವಾದವಿಷಯ. 'ಬೆಗ್' ಎಂದರೆ ಭಿಕ್ಷೆಯೆತ್ತುವುದಲ್ಲ, ಯುಕ್ತಿಯಿಲ್ಲದೆ ಒಪ್ಪಿಗೆ ಬೇಡುವುದು. ಈ ರೂಢ್ಯರ್ಥವು ಮರೆಯಾಗಲು, ಜನರು ಅವಯವಾರ್ಥವನ್ನು ಹಿಡಿದು ಪ್ರಶ್ನೆಯನ್ನು ಎತ್ತುವುದೆಂದು ತಿಳಿದರು. ಯೋಗಾರ್ಥವೇ ಕ್ರಮೇಣ ಹೊಸ ರೂಢಿಯಾಯಿತು.

ಈ ದೋಷವನ್ನು ನಮ್ಮ ನ್ಯಾಯಶಾಸ್ತ್ರದ 'ಸಾಧ್ಯಸಮ'ದೊಡನೆ ಸಮೀಕರಿಸುವ ವಾಡಿಕೆಯುಂಟು. ಅದು ಯುಕ್ತವಲ್ಲ. ವಾತ್ಸ್ಯಾಯನರ ಉದಾಹರಣೆಯನ್ನೇ ನೋಡಬಹುದು: ನೆರಳು ದ್ರವ್ಯವು, ಚಲಿಸುವುದರಿಂದ. ಇಲ್ಲಿ ಸಾಧ್ಯವು ದ್ರವ್ಯತ್ವ, ಹೇತುವು ಚಲನೆ, ಇವೆರಡೂ ಬೇರೆ. ಆದರೆ ಚಲಿಸುವುದು ನೆರಳೋ, ಬೆಳಕಿಗೆ ಅಡ್ಡವಾದ ವಸ್ತುವೋ ಎಂಬುದೇ ನಿರ್ಣಯವಾಗಿಲ್ಲ. ಹೇತುವು ಸಾಧ್ಯದಂತೆಯೇ ಅಸಿದ್ಧವೆಂಬುದಿಷ್ಟೇ ಈ ದೋಷದ ತಿರುಳು. ಆಂಗ್ಲರು ಹೇಳುವುದರಲ್ಲಾದರೋ ಸಾಧ್ಯವೇ ಹೇತುವಿನ ವೇಷದಲ್ಲಿ ಬರುವುದು. ಬಿಮಲಕೃಷ್ಣ ಮತಿಲಾಲರು 1974ರಲ್ಲಿಯೇ ಈ ಸಮೀಕರಣವನ್ನು ಆಕ್ಷೇಪಿಸಿರುವರು. ಇದಕ್ಕೆ ಹತ್ತಿರವಾದವು ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕಗಳು.

ಸಾಹಿತ್ಯವಿಮರ್ಶೆಯೂ ಈ ದೋಷಕ್ಕೆ ಹೊರತಲ್ಲ. ಈ ಕಾವ್ಯವೇಕೆ ಶ್ರೇಷ್ಠವೆಂದರೆ ಮಹಾಕವಿಯ ಕೃತಿಯಾದುದರಿಂದ. ಅವನೇಕೆ ಮಹಾಕವಿಯೆಂದರೆ ಶ್ರೇಷ್ಠಕಾವ್ಯವನ್ನು ರಚಿಸಿದುದರಿಂದ. ಪಾಠಶಾಲೆಗಳಲ್ಲಿಯೂ ಪೀಠಿಕೆಗಳಲ್ಲಿಯೂ ಇಂತಹ ಪ್ರಶಂಸೆಯು ವಿರಳವಲ್ಲ. ವಿದ್ಯಾರ್ಥಿಯು ಇದರಿಂದ ಗೌರವವನ್ನು ಕಲಿತಾನು, ಗುಣನಿರ್ಣಯವನ್ನು ಕಲಿಯಲಾರನು.

ಆಂಗ್ಲರ ಲೋಕರೂಢಿಯನ್ನು ತಿದ್ದುವುದು ನಮ್ಮ ಕಾರ್ಯವಲ್ಲ. ಭಾಷಾಂತರಕಾರನು ಮಾತ್ರ ಪ್ರಕರಣವನ್ನು ನೋಡಿ ಅರ್ಥವನ್ನು ನಿಶ್ಚಯಿಸಬೇಕು. ಲೌಕಿಕ ಬರಹದಲ್ಲಿ 'ಪ್ರಶ್ನೆಗೆ ಎಡೆಗೊಡುವುದು' ಎಂದರೆ ಸಾಕು. 'ನುಣುಚಿಕೊಳ್ಳುವುದು' ಎಂಬರ್ಥವಿದ್ದಲ್ಲಿ ಹಾಗೆಯೇ ಹೇಳಬಹುದು. ತರ್ಕವಿಷಯದಲ್ಲಿ 'ಸಾಧ್ಯಯಾಚನೆ' ಎಂಬ ಪದವು ಮೂಲದ ಭಾವವನ್ನು ಉಳಿಸುವುದಲ್ಲದೆ ಸಾಧ್ಯಸಮದೊಡನೆ ಸಾಂಕರ್ಯವನ್ನೂ ತಪ್ಪಿಸುವುದು. ವಿದ್ವಾಂಸರು ಇದನ್ನು ಪರಿಶೀಲಿಸಬೇಕು.