ಜೀಪಿನ ಹಿಂದಿನ ಹೌಸಿಂಗು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಮಹೀಂದ್ರ ಜೀಪುಗಳಲ್ಲಿ ಹಲವು, ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯ ಸಂತತಿ. ಆ ಮೂಲ ಮಾದರಿಯ ಹಿಂದಿನ ಹೌಸಿಂಗಿನಲ್ಲಿ, ಎಂದರೆ ಹಿಂಚಕ್ರಗಳ ನಡುವಿನ ಗಿಯರುಗಳ ಕವಚದಲ್ಲಿ, 8 ಹಲ್ಲಿನ ಪಿನಿಯನ್ ಎಂಬ ಚಿಕ್ಕ ಗಿಯರು 43 ಹಲ್ಲಿನ ಕ್ರೌನ್ ಎಂಬ ದೊಡ್ಡ ಗಿಯರನ್ನು ತಿರುಗಿಸುತ್ತದೆ. ಹೀಗಾಗಿ ವೇಗ ಕುಗ್ಗಿ, ಏರು ಹತ್ತುವ ಬಲ ಐದು ಪಟ್ಟಿಗಿಂತ ಹೆಚ್ಚಾಗುತ್ತದೆ. ಕ್ರೌನಿಗೆ ಬಿಗಿದ ಗೂಡಿನೊಳಗಿನ ಸ್ಪೈಡರ್ ಗಿಯರುಗಳು ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತುವುದಕ್ಕೆ ಎಡೆಕೊಡುತ್ತವೆ, ಮತ್ತು ಡಿಫರೆನ್ಷಿಯಲ್ ಎಂಬ ಹೆಸರು ನಿಜವಾಗಿ ಸಲ್ಲುವುದು ಇವಕ್ಕೇ.

ಮಲೆನಾಡಿನಲ್ಲಿ ಮೊದಲು ಪೆಟ್ಟು ತಿನ್ನುವುದೂ ಇವೇ. ಮಳೆಗಾಲದ ಕೆಸರಿನಲ್ಲಿ ಒಂದು ಚಕ್ರ ಕಚ್ಚಿ ನಿಂತು ಇನ್ನೊಂದು ಬರಿದೇ ತಿರುಗಿದಾಗ, ತಿರುಗುವ ಚಕ್ರದ ವೇಗ ಕ್ರೌನಿನ ವೇಗದ ಎರಡರಷ್ಟಾಗುತ್ತದೆ. ನೇರ ರಸ್ತೆಯಲ್ಲಿ ಹೆಚ್ಚುಕಡಿಮೆ ಸುಮ್ಮನಿರುವ ಸ್ಪೈಡರುಗಳು ಆಗ ತಮ್ಮ ಅಡ್ಡಪಿನ್ನಿನ ಮೇಲೆ ಭರದಿಂದ ಸುತ್ತಿ, ಹಿಂಬದಿಯ ತೆಳು ವಾಷರುಗಳನ್ನು ಸವೆಸುತ್ತವೆ. ಗಾಡಿ ಹೊರಡುವಾಗ ಕೇಳುವ 'ಟಕ್' ಸದ್ದಿಗೆ ಹಲವೊಮ್ಮೆ ಈ ವಾಷರುಗಳೇ ಕಾರಣವಾಗಿರುವಾಗ, ಹೊಸ ಕ್ರೌನ್-ಪಿನಿಯನ್ ತಂದು ಕೂರಿಸುವುದು ದುಬಾರಿ ಅವಸರವೇ ಸರಿ. ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಯ ಹಲ್ಲುಗಳು ಒಡೆಯದೆ, ಕಚ್ಚುಬೀಳದೆ ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಲೇಸು.

ಜೋಡಿಯನ್ನು ಬದಲಿಸಲೇಬೇಕಾದರೆ ಕೆಲಸ ಸೂಕ್ಷ್ಮವಾಗುತ್ತದೆ. ಪಿನಿಯನ್ನಿನ ತುದಿಯಲ್ಲಿ ಕೆತ್ತಿದ ಅಧಿಕ ಅಥವಾ ಋಣ ಚಿಹ್ನೆಯ ಅಂಕಿ, ಅದು ಕ್ರೌನಿನ ಮಧ್ಯರೇಖೆಯಿಂದ ನಿಗದಿತ ದೂರಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ದೂರದಲ್ಲಿ ಕೂರಬೇಕೆಂಬುದನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳುತ್ತದೆ. ಶಿಮ್ ಎಂಬ ತೆಳು ಉಕ್ಕಿನ ಬಳೆಗಳನ್ನು ಒಳ ಬೇರಿಂಗಿನ ಕಪ್ಪಿನ ಹಿಂದೆ ಸೇರಿಸಿದರೆ ಪಿನಿಯನ್ ಕ್ರೌನಿನತ್ತ ಸರಿಯುತ್ತದೆ, ತೆಗೆದರೆ ದೂರವಾಗುತ್ತದೆ. ಬಳಿಕ ಎರಡೂ ಹಲ್ಲುಗಳ ನಡುವಿನ ಸಡಿಲ, ಗ್ಯಾರೇಜಿನ ಮಾತಿನಲ್ಲಿ 'ಪ್ಲೇ', ಡಯಲ್ ಗೇಜಿನಲ್ಲಿ ಅಂಗುಲದ ಸಾವಿರದ 5ರಿಂದ 7 ಭಾಗದೊಳಗೆ ಬರಬೇಕು. ಆದರೂ ಕೊನೆಯ ತೀರ್ಪು ಬಣ್ಣದ್ದು: ಹಲ್ಲಿಗೆ ಬಣ್ಣ ಸವರಿ ತಿರುಗಿಸಿದಾಗ ಗುರುತು ಕ್ರೌನ್ ಹಲ್ಲಿನ ಬುಡದಲ್ಲಿ ಮೂಡಿದರೆ ಪಿನಿಯನ್ ಹೆಚ್ಚು ಒಳಗಿದೆ, ತುದಿಯಲ್ಲಿ ಮೂಡಿದರೆ ಹೊರಗಿದೆ, ನಡುವೆ ಮೂಡುವ ತನಕ ಬೇರಿಂಗು ಕಳಚಿ ಶಿಮ್ ಬದಲಿಸುತ್ತಲೇ ಇರಬೇಕು. ಬೇರಿಂಗಿನ ಕ್ಯಾಪುಗಳು ಅದಲುಬದಲಾಗದಂತೆ ಅವುಗಳ ಮೇಲೂ ಹೌಸಿಂಗಿನ ಮೇಲೂ ಒಂದೇ ಅಕ್ಷರ ಒತ್ತಿರುತ್ತದೆ; ಜಿಡ್ಡು ಒರೆಸದೆ ಬಿಚ್ಚುವ ಆತುರಗಾರರಿಗೆ ಅದು ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿ 90 ನಂಬರಿನ ಆಯಿಲ್ ತುಂಬಿದವರೂ ಹೌಸಿಂಗಿನ ಮೇಲಿನ ಬ್ರೀದರನ್ನು, ಎಂದರೆ ಗಾಳಿ ಆಡುವ ಪುಟ್ಟ ಕೊಳವೆಯನ್ನು, ಮರೆಯುವುದುಂಟು. ಘಾಟಿಯಲ್ಲಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನ ಮೂಲಕವೋ ಸೀಲುಗಳ ಸಂದಿನಿಂದಲೋ ನೀರು ಒಳಸೇರಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬ್ರೀದರು ಕೆಸರಿನಿಂದ ಕಟ್ಟಿಕೊಂಡಿದ್ದರೆ ಫಜೀತಿ ಬೇರೆಯೇ: ಬಿಸಿಗಾಳಿಯ ಒತ್ತಡಕ್ಕೆ ಆಯಿಲ್ ಸೀಲು ದಾಟಿ ಬ್ರೇಕ್ ಲೈನರಿಗೆ ಇಳಿಯುತ್ತದೆ. ಆದ್ದರಿಂದ ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ, ಅದರ ಬಾಯಿಯನ್ನು ಹಳ್ಳದ ನೀರು ಮುಟ್ಟದ ಎತ್ತರಕ್ಕೆ ಕಟ್ಟುವ ಕೆಲಸ ಮೇ ತಿಂಗಳೊಳಗೆ ಮುಗಿದಿರಬೇಕು.