‘ಮರಳಿ ಮಣ್ಣಿಗೆ’ಯಲ್ಲಿ ಸಣ್ಣ ಒಡೆಯನ ಸ್ಥಿತಿ

ಕಾದಂಬರಿಯೊಂದನ್ನು ವಿಮರ್ಶಿಸಹೊರಟವನು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯೆಂದರೆ, ಅದು ಯಾರ ಬಾಳನ್ನು ನಮ್ಮೆದುರಿಗೆ ತಂದಿರಿಸುವುದು ಎಂಬುದು. ಭೂಮಿಯನ್ನು ಕುರಿತ ನಮ್ಮ ಕಥೆಗಳಲ್ಲಿ ವಿಮರ್ಶಕರು ಸಾಮಾನ್ಯವಾಗಿ ಎರಡೇ ಪಕ್ಷಗಳನ್ನು ಕಾಣುವರು. ಒಂದು ಕಡೆಗೆ ಉಣ್ಣುವ ಧಣಿ. ಇನ್ನೊಂದು ಕಡೆಗೆ ದುಡಿಯುವ ಒಕ್ಕಲು. ಆದರೆ ಬೈಂದೂರಿನಿಂದ ಕುಂದಾಪುರವನ್ನು ದಾಟಿ ಬ್ರಹ್ಮಾವರದವರೆಗಿನ ನಮ್ಮ ಸೀಮೆಯಲ್ಲಿ ಈ ಇಬ್ಬರ ನಡುವೆ ಮೂರನೆಯವನೊಬ್ಬನು ಬಹುಕಾಲದಿಂದ ಬಾಳಿಕೊಂಡು ಬಂದಿರುವನು. ಅವನಿಗೆ ಮೂರೋ ನಾಲ್ಕೋ ಮುಡಿಯ ಗದ್ದೆ, ಹತ್ತಿಪ್ಪತ್ತು ತೆಂಗಿನ ಮರ, ಮಳೆಗಾಲದಲ್ಲಿ ಸೋರುವ ಒಂದು ಮನೆ. ಒಬ್ಬನಿಗೆ ಅವನು ಒಡೆಯ, ಮತ್ತೊಬ್ಬನಿಗೆ ಅವನೇ ಗೇಣಿದಾರ. ಅವನ ಕಷ್ಟವನ್ನು ಧಣಿಗಳ ಸಾಲಿನಲ್ಲಿಟ್ಟು ನಗುವುದೂ ಸುಲಭ. ಬಡವರ ಸಾಲಿನಲ್ಲಿಟ್ಟು ಮರುಗುವುದೂ ಸುಲಭ. ಎರಡೂ ಸತ್ಯವಲ್ಲ. ಈ ಮೂರನೆಯವನ ಪೂರ್ಣಚಿತ್ರವನ್ನು ಕೊಟ್ಟ ಗ್ರಂಥವು ಕೋಟ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಎಂಬುದು ನನ್ನ ಅಭಿಪ್ರಾಯ. ಆ ಚಿತ್ರದ ಗುಣವನ್ನೂ ಕೊರತೆಯನ್ನೂ ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶವು.

ಮೊದಲು ನಮ್ಮ ಹಳೆಯ ಭೂವ್ಯವಸ್ಥೆಯ ಎರಡು ಮಾತುಗಳನ್ನು ಹೇಳಬೇಕು. ಇಂದಿನ ತರುಣ ವಾಚಕರಿಗೆ ಅವು ಅಪರಿಚಿತವಾಗಿರಬಹುದು. ದಕ್ಷಿಣ ಕನ್ನಡದಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವ ಹೊಣೆಯುಳ್ಳವನು ವರ್ಗದಾರ. ಅವನಿಂದ ಶಾಶ್ವತವಾಗಿ, ನಿಶ್ಚಿತವಾದ ಗೇಣಿಗೆ ನೆಲವನ್ನು ಪಡೆದವನು ಮೂಲಗೇಣಿದಾರ. ವರುಷ ವರುಷಕ್ಕೆ ಮಾತಿನ ಮೇಲೆಯೇ ಪಡೆದು, ಅಕ್ಕಿಮುಡಿಯ ಲೆಕ್ಕದಲ್ಲಿ ಗೇಣಿಯನ್ನಳೆಯುವವನು ಚಾಲಗೇಣಿದಾರ. ಮೂಲಗೇಣಿದಾರನು ತನ್ನ ನೆಲವನ್ನು ತಿರುಗಿ ಚಾಲಗೇಣಿಗೆ ಕೊಡುವುದುಂಟು. ಹೀಗೆ ಒಂದೇ ಗದ್ದೆಯ ಬೆಳೆಯು ಮೂರು ಕಣಜಗಳಿಗೆ ಹಂಚಿಹೋಗುತ್ತಿತ್ತು. ನೆರೆ ನುಗ್ಗಿ ಉಪ್ಪುನೀರು ನಿಂತ ವರುಷ ಒಕ್ಕಲು ಗೇಣಿಯನ್ನು ಬಿಡಿಸಿಕೊಳ್ಳಲು ಬರುವನು, ತೀರ್ವೆಯವನು ಬಿಡನು. ನಡುವೆ ನಿಂತವನ ಬಾಳೆಂದರೆ ಇದು.

ಕಾರಂತರು ಹುಟ್ಟಿದುದು ೧೯೦೨ರಲ್ಲಿ, ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ. ೧೯೪೦ರ ದಶಕದ ಆದಿಯಲ್ಲಿ ಹೊರಬಂದ ಈ ಕಾದಂಬರಿಯ ನೆಲವೂ ಅದೇ ಆಸುಪಾಸಿನದು: ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹಿನ್ನೀರು, ನಡುವೆ ಮರಳು ಬೆರೆತ ಗದ್ದೆ. ಅಲ್ಲಿಯ ರಾಮ ಐತಾಳರು ಪೌರೋಹಿತ್ಯವನ್ನೂ ಬೇಸಾಯವನ್ನೂ ಒಟ್ಟಿಗೆ ನಡೆಯಿಸುವ ಗೃಹಸ್ಥರು. ಮಂತ್ರದಿಂದ ಬಂದ ದಕ್ಷಿಣೆಯು ಗದ್ದೆಯ ಕೊರತೆಯನ್ನು ತುಂಬಬೇಕು; ಗದ್ದೆಯ ಅಕ್ಕಿಯು ದಕ್ಷಿಣೆಯ ಕೊರತೆಯನ್ನು ತುಂಬಬೇಕು. ಆದರೆ ಆ ಮನೆಯ ನಿಜವಾದ ಕಂಬಗಳು ಐತಾಳರಲ್ಲ. ಅವರ ವಿಧವೆ ತಂಗಿ ಸರಸ್ವತಿ ಮತ್ತು ಹೆಂಡತಿ ಪಾರೋತಿ, ಕೆಸರಿಗಿಳಿದು ಸೊಂಟ ಬಗ್ಗಿಸಿ ದುಡಿಯುವ ಈ ಇಬ್ಬರು ಹೆಂಗಸರೇ ಮನೆಯನ್ನು ಹೊತ್ತವರು. ಆಸ್ತಿಯ ಪತ್ರದಲ್ಲಿ ಅವರ ಹೆಸರಿಲ್ಲ. ಆಸ್ತಿಯು ನಿಂತಿರುವುದು ಅವರ ಬೆನ್ನಿನ ಮೇಲೆ. ಒಡೆತನದ ಈ ವಿಪರ್ಯಾಸವನ್ನು ಕಾರಂತರು ಭಾಷಣ ಮಾಡದೆ ತೋರಿಸಿರುವರು. ಇದು ಕಾದಂಬರಿಯ ಮೊದಲನೆಯ ಮಹಾಗುಣ.

ಎರಡನೆಯ ಗುಣವು ಕಾರಣಗಳ ವಿವೇಚನೆಯಲ್ಲಿದೆ. ಸಣ್ಣ ಆಸ್ತಿಯು ಏಕೆ ಅಳಿಯುವುದು? ಬರವೂ ನೆರೆಯೂ ಐತಾಳರ ಮನೆಯನ್ನು ಕೆಡವಲಿಲ್ಲ. ನೆರೆಯ ಶೀನಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲಿಟ್ಟು ಹಣ ಗಳಿಸಿದಾಗ ಊರಿನ ಮರ್ಯಾದೆಯನ್ನಳೆಯುವ ಕೋಲೇ ಬದಲಾಗುವುದು. ಅಕ್ಕಿಯ ಮುಡಿಯಲ್ಲಿ ಅಳೆಯುತ್ತಿದ್ದುದನ್ನು ರೂಪಾಯಿಯಲ್ಲಿ ಅಳೆಯತೊಡಗುವರು. ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ವಿದ್ಯೆಗೆ ಕಳುಹಿಸುವರು. ಅವನು ವಿದ್ಯೆಯನ್ನು ಗಳಿಸುವುದಿಲ್ಲ. ಮಣ್ಣನ್ನು ಕಂಡು ಅಸಹ್ಯಪಡುವುದನ್ನು ಮಾತ್ರ ಕಲಿಯುವನು. ಎರಡು ತಲೆಮಾರು ಕಡ್ಡಿ ಕಡ್ಡಿಯಾಗಿ ಕೂಡಿಸಿದುದು ಒಬ್ಬನ ದುರ್ವ್ಯಸನದಲ್ಲಿ ಕರಗುವುದು. ಸೊಸೆ ನಾಗವೇಣಿಯು ಅದರ ದುಃಖವನ್ನೆಲ್ಲ ಉಣ್ಣುವಳು. ಕೊನೆಗೆ ಮೊಮ್ಮಗ ರಾಮನು ಪಟ್ಟಣಗಳಲ್ಲಿ ಅಲೆದು, ಕಲಿತು, ನಿರುದ್ಯೋಗವನ್ನೂ ಕಂಡು ಮಣ್ಣಿಗೆ ಮರಳುವನು. ಆಸ್ತಿಯನ್ನು ಕಿತ್ತುಕೊಳ್ಳುವ ಶತ್ರುವು ಹೊರಗಿನವನಲ್ಲ, ಮಣ್ಣಿಗೆ ಬೆನ್ನು ತಿರುಗಿಸಿದ ನಮ್ಮ ಮನಸ್ಸೇ ಎಂಬುದು ಕಾದಂಬರಿಯ ನಿರ್ಣಯ.

ಇನ್ನು ಕೊರತೆಯ ಮಾತು. ಇಷ್ಟು ವಿಸ್ತಾರವಾದ ಗ್ರಂಥದಲ್ಲಿ ದುಡಿಮೆಯ ಜನರಾದ ಸೂರ, ಬಾಚಿ ಮೊದಲಾದವರು ಬರುವರು, ಪ್ರೀತಿಯಿಂದಲೇ ಬರುವರು. ಆದರೆ ಅವರು ಐತಾಳರ ಅಂಗಳದಿಂದ ಕಾಣುವಷ್ಟೇ ಕಾಣುವರು. ತಮ್ಮ ಗುಡಿಸಲಿಗೆ ಮರಳಿದ ಮೇಲೆ ಅವರು ನೆಲದ ವಿಷಯವಾಗಿ ಏನು ಆಡಿಕೊಂಡರೆಂಬುದು ನಮಗೆ ತಿಳಿಯದು. ಇದನ್ನು ಲೇಖಕರ ಅಜ್ಞಾನವೆನ್ನುವಂತಿಲ್ಲ. ೧೯೩೩ರಷ್ಟು ಹಿಂದೆಯೇ ‘ಚೋಮನ ದುಡಿ’ಯನ್ನು ಬರೆದವರು ಅವರೇ ಅಲ್ಲವೆ? ಅಲ್ಲಿ ಚೋಮನಿಗೆ ಒಂದೇ ಆಸೆ: ತಾನೊಂದು ತುಂಡು ಗದ್ದೆಯನ್ನು ಸಾಗುವಳಿ ಮಾಡಬೇಕು. ಒಡೆಯ ಸಂಕಪ್ಪಯ್ಯನು ರಾಕ್ಷಸನಲ್ಲ. ಆದರೆ ಕೊಡಬೇಕೆನಿಸಿದರೂ ಕೊಡಲಾರದಂತೆ ಮನೆಯ ಕಟ್ಟುಪಾಡೂ ಜಾತಿಯ ಕಟ್ಟುಪಾಡೂ ಅವನ ಕೈ ಹಿಡಿಯುವುವು. ಚೋಮನು ನೆಲವನ್ನು ಪಡೆಯದೆ ಸಾಯುವನು. ಆದುದರಿಂದ ನನ್ನ ಸೂಚನೆಯಿಷ್ಟು: ಈ ಎರಡು ಗ್ರಂಥಗಳನ್ನು ಜೊತೆಯಾಗಿಟ್ಟು ಓದಬೇಕು. ಒಂದನ್ನು ಮಾತ್ರ ಓದಿದವನು ಐತಾಳರಿಗಾಗಿ ಅಳುವನು, ಅಥವಾ ಚೋಮನಿಗಾಗಿ ಅಳುವನು. ಎರಡನ್ನೂ ಓದಿದವನು ತಾನು ಯಾರ ಸ್ಥಾನದಲ್ಲಿ ನಿಂತಿರುವೆನೆಂದು ಕೇಳಿಕೊಳ್ಳುವನು.

ಈ ಪ್ರಶ್ನೆಯು ನಮ್ಮ ಶಾಸ್ತ್ರಗಳಿಗೂ ಹೊಸತಲ್ಲ. ಕಾಡಿನ ಮೋಟುಗಳನ್ನು ಕಡಿದು ಹಸನು ಮಾಡಿದವನದೇ ಗದ್ದೆಯೆಂದು ಮನುಸ್ಮೃತಿಯು ಒಂದೆಡೆ ಹೇಳುವುದು. ಸರ್ವಸ್ವವನ್ನೂ ದಾನ ಮಾಡಬೇಕಾದ ವಿಶ್ವಜಿತ್ ಯಾಗದಲ್ಲಿ ರಾಜನು ಭೂಮಿಯನ್ನು ಕೊಡಬಹುದೆ ಎಂಬ ಚರ್ಚೆಯಲ್ಲಿ, ಭೂಮಿಯು ಎಲ್ಲರಿಗೂ ಸಮಾನವಾದುದರಿಂದ ಕೊಡಲಾಗದೆಂದು ಜೈಮಿನಿಯ ಮೀಮಾಂಸೆಯು ತೀರ್ಮಾನಿಸುವುದು. ಪಾಠಶಾಲೆಯಲ್ಲಿ ಇದನ್ನು ಕೇಳಿದಾಗ ನನಗೆ ಕೇವಲ ವಾದಕೌಶಲವಾಗಿ ತೋರಿತ್ತು. ಅದರ ಅರ್ಥವು ಮನಸ್ಸಿಗೆ ಇಳಿದುದು ಬೇರೊಂದು ಕಾರಣದಿಂದ. ಅದನ್ನು ಸಂಕೋಚದಿಂದಲೇ ಬರೆಯುವೆನು.

೧೯೬೧ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಗೇಣಿಯಲ್ಲಿದ್ದ ನೆಲವು ಸರಕಾರದಲ್ಲಿ ನಿಹಿತವಾಯಿತು, ಉಳುವವನು ಏಳನೆಯ ನಂಬರಿನ ಅರ್ಜಿಯನ್ನು ಕೊಟ್ಟು ಹಕ್ಕನ್ನು ಕೇಳಬೇಕು, ನ್ಯಾಯಮಂಡಳಿಯು ವಿಚಾರಿಸಬೇಕು, ಅಲ್ಲಿ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅರ್ಚಕರಾಗಿದ್ದ ನನ್ನ ತಂದೆಯವರು ದೊಡ್ಡ ವರ್ಗದಾರರೊಬ್ಬರ ಎರಡು ಮುಡಿ ಗದ್ದೆಯನ್ನು ಚಾಲಗೇಣಿಗೆ ಮಾಡುತ್ತಿದ್ದರು. ಮನೆಯಿಂದ ದೂರವಿದ್ದ ತಮ್ಮ ಸ್ವಂತದ ಒಂದೂವರೆ ಮುಡಿಯನ್ನು ನೆರೆಯವನೊಬ್ಬನಿಗೆ ಚಾಲಗೇಣಿಗೆ ಕೊಟ್ಟಿದ್ದರು. ಒಂದು ಅರ್ಜಿಯನ್ನು ತಾವು ಬರೆದರು. ಇನ್ನೊಂದು ಅವರ ಮೇಲೆ ಬಂದಿತು. ‘ನಾನು ಉತ್ತವನು’ ಎಂದು ಒಂದು ಕಡೆ, ‘ಅವನು ಉತ್ತವನಲ್ಲ’ ಎಂದು ಇನ್ನೊಂದು ಕಡೆ ಹೇಳಬೇಕೆಂದು ಬಂಧುಗಳು ಕಲಿಸಿಕೊಟ್ಟರು. ವಿಚಾರಣೆಯ ದಿನ ತಂದೆಯವರು ಎದ್ದುನಿಂತು, “ಆ ಗದ್ದಿಗ್ ನಾನ್ ಕಾಲ್ ಇಡ್ದೆ ಹನ್ನೊಂದ್ ವರ್ಷ ಆಯ್ತ್. ಸುಳ್ ಹೇಳುಕೆ ಆತಿಲ್ಲ” ಎಂದುಬಿಟ್ಟರು. ಆ ವರುಷದಿಂದ ನಮ್ಮ ಮನೆಯಲ್ಲಿ ಆಷಾಢಕ್ಕೆ ಅಕ್ಕಿ ಸಾಲದಾಯಿತು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮುಡಿ ಕಟ್ಟುವ ಹಗ್ಗವನ್ನು ಮಾತ್ರ ಸುತ್ತಿ ಅಟ್ಟಕ್ಕೆ ಹಾಕಿದರು. ಹದಿನೈದರ ಹುಡುಗನಾದ ನಾನು ತಂದೆಯವರನ್ನು ಬಹಳ ವರುಷ ಮನಸ್ಸಿನಲ್ಲೇ ಬೈದೆನು. ಮೊದಲ ಸಲ ‘ಮರಳಿ ಮಣ್ಣಿಗೆ’ಯನ್ನು ಓದಿದುದು ಆ ಸಿಟ್ಟಿನಲ್ಲಿಯೇ, ಆಗ ಐತಾಳರ ನಷ್ಟವನ್ನು ನಮ್ಮದೆಂದು ಓದಿದೆನು. ಸರಸ್ವತಿಯ ಬೆನ್ನು ನನಗೆ ಕಾಣಿಸಿದುದು ಎರಡನೆಯ ಓದಿನಲ್ಲಿ. ಕೆಸರಿಗಿಳಿದವರದೇ ನೆಲವಾದರೆ, ಹನ್ನೊಂದು ವರುಷ ಇಳಿಯದವರದು ಹೇಗಾದೀತು?

ಕಾಯಿದೆಯು ಸಣ್ಣ ಒಡೆಯನನ್ನೂ ದೊಡ್ಡ ಒಡೆಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಿತೆಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಗೇಣಿಯ ಅಕ್ಕಿಯೊಂದನ್ನೇ ನಂಬಿದ್ದ ವಿಧವೆಯರ ಒಲೆಗಳು ಆರಿದುದುಂಟು. ಹಾಗೆಂದು ನ್ಯಾಯವು ನ್ಯಾಯವಲ್ಲವೆನ್ನಲಾಗದು. ನಷ್ಟವೂ ನಿಜ, ನ್ಯಾಯವೂ ನಿಜ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲುದು ಸಾಹಿತ್ಯವೊಂದೇ.

ಕಥೆಯು ಇಲ್ಲಿಗೆ ಮುಗಿದಿದ್ದರೆ ಈ ವಿಮರ್ಶೆಯ ಅಗತ್ಯವಿರುತ್ತಿರಲಿಲ್ಲ. ಅಂದು ನಮ್ಮ ಗದ್ದೆಯನ್ನು ಪಡೆದ ನೆರೆಯವನು ಮೂವತ್ತು ವರುಷ ಚೆನ್ನಾಗಿ ಬೆಳೆದನು. ಅವನ ಮಕ್ಕಳು ಈಗ ಬೆಂಗಳೂರಿನಲ್ಲಿರುವರು. ಗದ್ದೆಯು ಹಡಿಲು ಬಿದ್ದಿರುವುದು. ಅವರಿಗೆ ನಟ್ಟಿಗೆ ಆಳು ಸಿಕ್ಕದು. ಸಿಕ್ಕಿದರೆ ಕೂಲಿಗೆ ಬೆಳೆ ಸಾಲದು. ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ಕಾಯಿದೆಯು ಸಾಮಾನ್ಯವಾಗಿ ನಿಷೇಧಿಸಿರುವುದರಿಂದ, ಬೇರೊಬ್ಬನಿಗೆ ಮಾಡಲು ಬಿಡುವುದಕ್ಕೂ ಅಂಜಿಕೆ. ೨೦೨೦ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದಾದುದರಿಂದ ದಲ್ಲಾಳಿಗಳು ಬಾಗಿಲಿಗೆ ಬರುತ್ತಿರುವರು. ಮಾರಲು ಮುದುಕನಿಗೆ ಮನಸ್ಸಿಲ್ಲ. ಮೊನ್ನೆ ಅವನು ನಮ್ಮ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಹೇಳುವಾಗ ನನಗೆ ರಾಮ ಐತಾಳರ ಧ್ವನಿಯೇ ಕೇಳಿಸಿದಂತಾಯಿತು. ಸಣ್ಣ ಒಡೆಯನೆಂಬುದು ಒಂದು ಜಾತಿಯಲ್ಲ, ಒಂದು ಮನೆತನವೂ ಅಲ್ಲ, ಅದೊಂದು ಸ್ಥಾನ. ಒಕ್ಕಲಾಗಿದ್ದವನು ಇಂದು ಅಲ್ಲಿ ನಿಂತಿರುವನು. ಲಚ್ಚನಂತೆ ದುರ್ವ್ಯಸನಿಗಳಲ್ಲದ, ಸದ್ಗುಣಿಗಳಾದ ಮಕ್ಕಳಿದ್ದರೂ ಮಣ್ಣು ಬರಿದಾಗಬಹುದೆಂಬುದನ್ನು ಮಾತ್ರ ಕಾರಂತರು ಬರೆಯಲಿಲ್ಲ. ಅದನ್ನು ಕಾಲವು ಬರೆಯುತ್ತಿರುವುದು.

ಈ ಕಾದಂಬರಿಯು ಮನೆಮನೆಯ ಕಪಾಟಿನಲ್ಲಿರುವುದನ್ನು ಬಲ್ಲೆನು. ವಾಚಕ ಮಹಾಶಯರು ಅದನ್ನೊಮ್ಮೆ ಕೆಳಗಿಳಿಸಿ, ಈ ಸಲ ನೆರೆಮನೆಯವನ ಕಣ್ಣಿನಿಂದ ಓದಿ ನೋಡಬೇಕೆಂದು ನನ್ನ ವಿಜ್ಞಾಪನೆ. ನಾನು ಮೊನ್ನೆ ನನ್ನ ಪ್ರತಿಯನ್ನು ಆ ಮುದುಕನ ಮೊಮ್ಮಗಳಿಗೆ ಕೊಟ್ಟಿರುವೆನು.