ಅರವತ್ತು ಮೈಕ್ರಾನಿನ ಎಳೆ

ವಜ್ರವನ್ನು ಲೇಸರ್ ಕಿರಣದಿಂದ ಸೀಳುವ ವಿದ್ಯೆಯನ್ನು ಕರಗತಮಾಡಿಕೊಂಡ ಸೂರತ್ ನಗರವು, ಅಂತಹುದೇ ಕಿರಣದಿಂದ ಲೋಹದ ನಳಿಕೆಯನ್ನು ಜಾಲಂಧ್ರದಂತೆ ಕೊರೆದು, ಹೃದಯದ ರಕ್ತನಾಳವನ್ನು ತೆರೆದಿರಿಸುವ ಸ್ಟೆಂಟನ್ನು ನಿರ್ಮಿಸಿದುದು ಪರಮಾಶ್ಚರ್ಯದ ಸಂಗತಿ. ಅಲ್ಲಿನ ಸಹಜಾನಂದ್ ಸಂಸ್ಥೆಯ ಸುಪ್ರಾಫ್ಲೆಕ್ಸ್ ಸ್ಟೆಂಟಿನ ಎಳೆಯ ದಪ್ಪ ಕೇವಲ 60 ಮೈಕ್ರಾನು. ಎಳೆ ಸಪೂರವಾದಷ್ಟೂ ರಕ್ತಪ್ರವಾಹಕ್ಕೆ ಅಡಚಣೆ ಕಡಿಮೆ, ಆದರೆ ನಾಳದ ಒತ್ತಡವನ್ನು ತಾಳುವ ಬಲವೂ ಉಳಿಯಬೇಕಷ್ಟೆ! ಯೂರೋಪಿನ 7 ದೇಶಗಳ 1,435 ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ ವಿದ್ವಾಂಸ ವೈದ್ಯರು ಅದನ್ನು ಪ್ರಖ್ಯಾತ ಅಮೆರಿಕನ್ ಸ್ಟೆಂಟಿನೊಡನೆ ಒರೆಗೆ ಹಚ್ಚಿ, ಕೀಳಲ್ಲವೆಂದು 2019ರಲ್ಲಿ ಪ್ರಕಟಿಸಿದರು. ಉದ್ಯಮಕ್ಕೂ ವಿದ್ವತ್ತಿಗೂ ಇಂತಹ ಸಖ್ಯವು ಗುಜರಾತಿಗೆ ಹೊಸದಲ್ಲ; ಅಹಮದಾಬಾದಿನ ಬಟ್ಟೆಗಿರಣಿಗಳಿಗಾಗಿ ವಿಕ್ರಮ್ ಸಾರಾಭಾಯಿಯವರು 1947ರಲ್ಲೇ ಅಟಿರಾ ಸಂಶೋಧನಾಲಯವನ್ನು ಕಟ್ಟಿದ್ದರು. ವಡೋದರೆಯ ಗತಿಶಕ್ತಿ ವಿಶ್ವವಿದ್ಯಾಲಯವೂ ವಿಮಾನ ತಯಾರಕ ಸಂಸ್ಥೆಯಾದ ಏರ್‌ಬಸ್ಸಿನೊಡನೆ 2023ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಒಪ್ಪಂದಗಳನ್ನು ಮೆಚ್ಚುವುದರಲ್ಲಿ ನಾನು ತುಸು ಜಿಪುಣನಾದುದರಿಂದ, ಅದರ ಫಲವನ್ನು ಕಾಯ್ದು ನೋಡುವೆನು.